ನಮ್ಮ ಗುಡ್ಡದ ನೀರಿನ ಮ್ಯಾಪ್ ಸರಿ ಉಂಟಾ? ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯವರು ಒಮ್ಮೆ ನೋಡಿ ಹೇಳಿ

ಪದವಿನಂಚು (ನೀರ್ಚಾಲು)

ಎಲ್ರಿಗೂ ನಮಸ್ಕಾರ. ನಾನು ಎಂಎಸ್ಸಿ ಕೊನೇ ವರ್ಷ, ಪ್ರಾಜೆಕ್ಟಿಗೆ ನಮ್ಮ ಊರಿನ ಸುತ್ತಿನ ಅಂತರ್ಜಲದ ಮ್ಯಾಪ್ ಮಾಡ್ತಾ ಇದ್ದೇನೆ. ಕ್ಯೂಜಿಐಎಸ್‌ನಲ್ಲಿ ಮಾಡಿದ್ದು, ಅದು ಫ್ರೀ ಸಾಫ್ಟ್‌ವೇರ್ ಅಲ್ವಾ. ಇಳಿಜಾರು, ತೋಡುಗಳ (ಸಣ್ಣ ಹಳ್ಳಗಳ) ಸಾಂದ್ರತೆ, ಬಂಡೆಯ ಬಿರುಕಿನ ಗೆರೆಗಳು, ಮಣ್ಣು, ಭೂಮಿಯ ಬಳಕೆ, ಮಳೆ, ಶಿಲೆ, ಹೀಗೆ ಏಳು ಲೇಯರ್ ತಕ್ಕೊಂಡು ಒಂದಕ್ಕೊಂದು ಹೋಲಿಸಿ ತೂಕ ಕೊಟ್ಟು ಒಂದರ ಮೇಲೆ ಒಂದು ಇಟ್ಟು ಕೂಡಿಸಿದೆ. ಎಲ್ಲಾ ಕಡೆ ಹೀಗೇ ಮಾಡುವುದು, ನಾನೂ ಹಾಗೇ ಮಾಡಿದೆ.

ಬಂದ ಮ್ಯಾಪಲ್ಲಿ ನಮ್ಮ ಮನೆ ಮೇಲಿನ ಪದವು (ಗುಡ್ಡದ ತಲೆಯ ಸಮತಟ್ಟು ಬೋಳು ಜಾಗ) ಇಡೀ ಕಡು ಹಸಿರು, ಅಂದ್ರೆ "ಅತ್ಯುತ್ತಮ". ಕೆಳಗೆ ತೋಟದ ಬದಿಯ ಜಾಗ ಎಲ್ಲ ಹಳದಿ, "ಮಧ್ಯಮ". ಮನೆಯಲ್ಲಿ ಅಪ್ಪನಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ "ಆ ಪದವಿನಲ್ಲಿ ಮಾರ್ಚಲ್ಲಿ ದನಕ್ಕೆ ಕುಡಿಲಿಕ್ಕೆ ಸಹ ನೀರಿಲ್ಲ ಮಾರಾಯ, ನಮ್ಮ ಕೆರೆ ಅಜ್ಜನ ಕಾಲದಿಂದ ಬತ್ತಿದ್ದೇ ಇಲ್ಲ, ನಿನ್ನ ಮ್ಯಾಪ್ ತಿರುಗಿಸಿ ಹಿಡ್ಕೊಂಡಿದ್ದೀಯಾ" ಅಂತ ಕೇಳಿದರು. ಎಂತ ಹೇಳುವುದು ಅಂತ ನನಗೆ ಗೊತ್ತಾಗ್ಲಿಲ್ಲ.

ಇದು ಬರೀ ಮಾರ್ಕಿನ ವಿಷಯ ಅಲ್ಲ. ನಮ್ಮ ಕಾಸರಗೋಡು ಬ್ಲಾಕ್ ಸರಕಾರದ 2017ರ ಅಂತರ್ಜಲದ ಲೆಕ್ಕದಲ್ಲಿ ಕ್ರಿಟಿಕಲ್, ಅಂದ್ರೆ ನೀರು ತೆಗೆಯುವುದು ಮಿತಿಯ ಹತ್ರ ಬಂದ ಪಟ್ಟಿಯಲ್ಲಿತ್ತು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಾಗ ಇದು, ಮತ್ತೆ ಏಪ್ರಿಲಲ್ಲಿ ಟ್ಯಾಂಕರ್ ಬರ್ತದೆ. ಚಿಕ್ಕಪ್ಪ ಈಗ ಎರಡನೇ ಬೋರ್ ತೆಗೆಸುವ ಯೋಚನೆಯಲ್ಲಿದ್ದಾರೆ, ಎಲ್ಲಿ ತೆಗೆಸುವುದು ಅಂತ ನನ್ನ ಹತ್ರ ಕೇಳ್ತಾರೆ. ತಪ್ಪು ಮ್ಯಾಪ್ ಕೈಲಿಟ್ಟುಕೊಂಡು ನಾನು ಅವರಿಗೆ ಜಾಗ ತೋರಿಸ್ಲಿಕ್ಕೆ ಆಗುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ, ತಪ್ಪಿದ್ದು ಎಲ್ಲಿ?

ಬಾವಿಕಟ್ಟೆ (ಪೆರ್ಲ)

ತಮ್ಮಾ, ನಿನ್ನ ಅಪ್ಪ ಹೇಳಿದ್ದು ಸರಿ. ನನಗೆ ಕಂಪ್ಯೂಟರ್ ಬರುವುದಿಲ್ಲ, ಮಗಳ ಫೋನಿಂದ ಬರೀತಿದ್ದೇನೆ.

ನಮ್ಮ ಹಿರಿಯರು ಗದ್ದೆಗೆ ಮೂರು ಹೆಸರು ಇಟ್ಟಿದ್ರು, ಬೈಲು, ಮಜಲು, ಬೆಟ್ಟು. ಬೈಲು ಅಂದ್ರೆ ತಗ್ಗು, ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ ಆಗ್ತಿತ್ತು. ಮಜಲಿನಲ್ಲಿ ಎರಡು. ಬೆಟ್ಟುಗದ್ದೆಯಲ್ಲಿ ಮಳೆಗಾಲದ್ದು ಒಂದೇ, ದೇವರು ಮಳೆ ಕೊಟ್ಟರೆ ಉಂಟು ಇಲ್ಲದಿದ್ರೆ ಇಲ್ಲ. ಇದು ಬೆಳೆಯ ಲೆಕ್ಕ ಅಂತ ಎಲ್ರೂ ಅಂದ್ಕೊಳ್ಳುವುದು. ನನ್ನ ಪ್ರಕಾರ ಇದು ನೀರಿನ ಲೆಕ್ಕ. ನೆಲದಡಿ ನೀರು ಯಾವ ತಿಂಗಳವರೆಗೆ ಕಾಲಿಗೆ ಸಿಗ್ತದೆ ಅಂತ ನೋಡಿಯೇ ಆ ಹೆಸರು ಬಂದದ್ದು, ಹಳೇ ಜಮೀನು ಕಾಗದದಲ್ಲಿ ಸಹ ಹಾಗೇ ಬರೆದಿರ್ತದೆ. ಈಗ ಗದ್ದೆ ಎಲ್ಲ ತೋಟ ಆಯ್ತು, ಹೆಸರು ಮಾತ್ರ ಉಳಿದದ್ದು. ನಿನ್ನ ಮ್ಯಾಪಿನ ಮೇಲೆ ಬೈಲು ಎಲ್ಲೆಲ್ಲಿ, ಮಜಲು ಎಲ್ಲೆಲ್ಲಿ ಅಂತ ಗುರುತು ಹಾಕು. ಅಪ್ಪನ ಹತ್ರ ಕೇಳಿದ್ರೆ ಒಂದು ಸಂಜೆಯಲ್ಲಿ ಹೇಳ್ತಾರೆ.

ಮುರಕಲ್ಲು

ಬಾವಿಕಟ್ಟೆಯವರು ಹೇಳಿದ್ದನ್ನ ಸಾವಿರ ಸಲ ಒಪ್ತೇನೆ. ಭೂಗರ್ಭದ ಕೆಲಸದಲ್ಲಿ ಇಪ್ಪತ್ತು ವರ್ಷ ಇದ್ದವ ನಾನು, ಹೆಚ್ಚಿನದ್ದು ಇದೇ ಕರಾವಳಿಯಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಪದವಿನಂಚು, ನೀನು ಕೊಟ್ಟ ತೂಕಗಳು ಬಯಲುಸೀಮೆಯ ಗ್ರಾನೈಟ್, ನೈಸ್ ಕಲ್ಲಿನ ಜಾಗಕ್ಕೆ ಹೊಂದುವಂಥದ್ದು. ಅಲ್ಲಿ ನೆಲ ಚಪ್ಪಟೆ ಇದ್ರೆ ನೀರು ನಿಲ್ತದೆ, ಇಂಗ್ತದೆ, ಅಲ್ಲೇ ಅಡಿಯಲ್ಲಿ ಸಿಗ್ತದೆ. ನಮ್ಮಲ್ಲಿ ಕಥೆ ಬೇರೆ. ಮೇಲೆ ಮುರಕಲ್ಲು, ಮನೆ ಕಟ್ಟುವ ಕೆಂಪು ಕಲ್ಲು ಉಂಟಲ್ಲ ಅದು, ತೂತು ತೂತು, ಮಳೆ ಬಿದ್ದದ್ದನ್ನ ಹೀರಿ ಕೆಳಗೆ ಬಿಡ್ತದೆ. ಅದರಡಿಯಲ್ಲಿ ಶೇಡಿ ಮಣ್ಣು, ಬಾವಿ ತೋಡಿದವರಿಗೆ ಗೊತ್ತುಂಟು, ಬಿಳಿ, ನಸುಗೆಂಪು, ನುಣ್ಣಗೆ ಇರ್ತದಲ್ಲ ಅದು. ಶೇಡಿ ನೀರನ್ನ ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಹಾಗಾಗಿ ಪದವಿನಲ್ಲಿ ಇಂಗಿದ ನೀರು ಶೇಡಿಯ ತನಕ ಇಳಿದು ಅದರ ಬೆನ್ನ ಮೇಲೆ ಅಡ್ಡಕ್ಕೆ ಹರಿದು ಗುಡ್ಡದ ಬದಿಯಲ್ಲಿ ಒಸರಾಗಿ ಹೊರಗೆ ಬರ್ತದೆ. ಹಿಂದಿನವರು ನೀರಿಗೆ ಅಂತ ಗುಡ್ಡದ ಬದಿಯಿಂದ ಅಡ್ಡಕ್ಕೆ ಸುರಂಗ ಕೊರೆದದ್ದು ಇದೇ ಮುರಕಲ್ಲು–ಶೇಡಿ ಸೇರುವ ಜಾಗಕ್ಕೆ.

ಅಂದ್ರೆ ಪದವು ನೀರು *ಕುಡಿಯುವ* ಜಾಗ, ಬೈಲು ನೀರು *ಸಿಗುವ* ಜಾಗ. ಎರಡೂ ಬೇರೆ ಬೇರೆ. ನೀನು ಎರಡನ್ನೂ ಒಂದೇ ಮ್ಯಾಪಲ್ಲಿ ಒಂದೇ ಬಣ್ಣದಲ್ಲಿ ತೋರಿಸ್ಲಿಕ್ಕೆ ಹೋದದ್ದಕ್ಕೆ ಉಲ್ಟಾ ಬಂತು. ಎರಡು ಮ್ಯಾಪ್ ಮಾಡು. ಒಂದು ಇಂಗುವ ಜಾಗದ್ದು, ಇನ್ನೊಂದು ನೀರು ತೆಗೆಯುವ ಜಾಗದ್ದು. ಮೊದಲಿನದ್ದರಲ್ಲಿ ನಿನ್ನ ಪದವು ಕಡು ಹಸಿರೇ ಇರಲಿ, ಅದು ಸುಳ್ಳಲ್ಲ.

ಮತ್ತೆ ಆ ಕ್ರಿಟಿಕಲ್ ವಿಷಯ. ಸರಕಾರದ ಲೆಕ್ಕದಲ್ಲಿ ವರ್ಷಕ್ಕೆ ತೆಗೀಲಿಕ್ಕೆ ಆಗುವ ನೀರಲ್ಲಿ ಶೇಕಡಾ 70ರ ತನಕ ತೆಗೆದ್ರೆ ಸುರಕ್ಷಿತ, 70ರಿಂದ 90 ಅರೆ ಕ್ರಿಟಿಕಲ್, 90ರಿಂದ 100 ಕ್ರಿಟಿಕಲ್, 100 ದಾಟಿದ್ರೆ ಅತಿಬಳಕೆ. ಮುರಕಲ್ಲಿಗೆ ಬಿದ್ದ ಮಳೆಯಲ್ಲಿ ಸುಮಾರು ಶೇಕಡಾ 7 ಇಂಗ್ತದೆ ಅಂತ ಹಿಡೀತಾರೆ, ಶೇಕಡಾ 20ಕ್ಕಿಂತ ಹೆಚ್ಚು ಇಳಿಜಾರು ಇದ್ದ ಗುಡ್ಡವನ್ನ ಲೆಕ್ಕದಿಂದ ತೆಗೆದು ಬಿಡ್ತಾರೆ. ಈ ಲೆಕ್ಕ ತಪ್ಪಲ್ಲ, ಆದ್ರೆ ಬರುವುದು ಇಡೀ ಬ್ಲಾಕಿಗೆ ಒಂದೇ ಅಂಕಿ. ಕಾಸರಗೋಡು ಬ್ಲಾಕಲ್ಲಿ ಕುಂಬಳೆಯ ಕಡಲ ಬದಿಯ ಹೊಯಿಗೆಯೂ (ಮರಳು) ಉಂಟು, ಬದಿಯಡ್ಕದ ಗುಡ್ಡವೂ ಉಂಟು. ಎರಡಕ್ಕೂ ಒಂದೇ ಅಂಕಿ ಇಟ್ಟುಕೊಂಡು ನಿನ್ನ ಚಿಕ್ಕಪ್ಪ ಎಂತ ಮಾಡುವುದು? ನಮ್ಮಲ್ಲಿ ನೀರಿನ ಒಂದು ಘಟಕ ಅಂದ್ರೆ ಒಂದು ಪದವು ಮತ್ತೆ ಅದರ ಸುತ್ತಿನ ಬೈಲುಗಳು, ಕೆಲವು ಕಡೆ ಒಂದು ಚದರ ಕಿಲೋಮೀಟರ್ ಸಹ ಇರ್ಲಿಕ್ಕಿಲ್ಲ. ಮ್ಯಾಪ್ ಆ ಅಳತೆಯಲ್ಲಿ ಇರಬೇಕು.

ಪದವಿನಂಚು (ನೀರ್ಚಾಲು)

ಸರ್, ತುಂಬಾ ಥ್ಯಾಂಕ್ಸ್. "ಕುಡಿಯುವ ಜಾಗ, ಸಿಗುವ ಜಾಗ" ಅಂತ ಅಪ್ಪನಿಗೆ ಓದಿ ಹೇಳಿದೆ, ತಲೆ ಆಡಿಸಿದರು. ಒಂದು ಡೌಟ್, ಶೇಡಿ ಎಷ್ಟು ಆಳದಲ್ಲಿ ಉಂಟು ಅಂತ ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ ಅಲ್ವಾ. ಅದನ್ನ ಮ್ಯಾಪಿಗೆ ಹಾಕುವುದು ಹೇಗೆ?

ಒಸರು (ಬಾಯಾರು)

ಇದಕ್ಕೆ ನಾನು ಹೇಳ್ತೇನೆ. ನಮ್ಮ ಅಪ್ಪ ಸುರಂಗ ತೋಡುವ ಕೆಲಸ ಮಾಡ್ತಿದ್ದವರು, ನಾನೂ ಸಣ್ಣವನಿರುವಾಗ ಮಣ್ಣು ಹೊತ್ತದ್ದುಂಟು. ಒಬ್ಬ ಬಗ್ಗಿ ಹೋಗುವಷ್ಟು ಅಗಲ, ಒಳಗೆ ಮೋಂಬತ್ತಿ ಇಟ್ಟುಕೊಂಡು ಹೋಗುವುದು, ಬತ್ತಿ ಮಂಕಾದ್ರೆ ಗಾಳಿ ಕಮ್ಮಿ ಅಂತ ಹೊರಗೆ ಬರಬೇಕು.

ಅಪ್ಪ ಜಾಗ ನೋಡುವಾಗ ಬೇಸಿಗೆಯಲ್ಲಿ ಬರ್ತಿದ್ರು, ಮಳೆಗಾಲದಲ್ಲಿ ಅಲ್ಲ. ಮಾರ್ಚ್ ಏಪ್ರಿಲಲ್ಲಿ ಗುಡ್ಡ ಇಡೀ ಒಣಗಿರುವಾಗ ಅರ್ಧ ಗುಡ್ಡದ ಹತ್ರ ಒಂದು ಗೆರೆ ಹಿಡಿದ ಹಾಗೆ ಕೆಲವು ಮರ ಮಾತ್ರ ಹಸಿರು ಇರ್ತದೆ, ಹುತ್ತ ಇರ್ತದೆ, ಬೆಳಿಗ್ಗೆ ಮಣ್ಣು ಮುಟ್ಟಿದ್ರೆ ತಂಪು. ಆ ಗೆರೆಯೇ ಶೇಡಿಯ ಗೆರೆ. ಅಲ್ಲಿಂದ ಒಳಗೆ ಸ್ವಲ್ಪ ಏರು ಕೊಟ್ಟು ಕೊರೆದ್ರೆ ನೀರು ತಾನೇ ಹರಿದು ಬರ್ತದೆ, ಪಂಪ್ ಬೇಡ, ಕರೆಂಟ್ ಬೇಡ.

ಹಾಗಾಗಿ ತಮ್ಮಾ ನಿನ್ನ ಊರಲ್ಲಿ ಎಷ್ಟು ಸುರಂಗ ಉಂಟು, ಪ್ರತಿಯೊಂದರ ಬಾಯಿ ಎಷ್ಟು ಎತ್ತರದಲ್ಲಿ ಉಂಟು, ಅಷ್ಟು ಬರೆದು ಮ್ಯಾಪಲ್ಲಿ ಚುಕ್ಕಿ ಹಾಕು. ಆ ಚುಕ್ಕಿಗಳನ್ನ ಸೇರಿಸಿದ್ರೆ ಶೇಡಿ ಎಲ್ಲಿ ಉಂಟು ಅಂತ ಸಿಗ್ತದೆ. ಬಾವಿ ತೋಡಿದವರ ಹತ್ರ ಸಹ ಕೇಳು, ಎಷ್ಟು ಕೋಲಿಗೆ ಮುರಕಲ್ಲು ಮುಗಿದು ಬಿಳಿ ಮಣ್ಣು ಬಂತು ಅಂತ. ಅವರು ಮರೆಯುವುದಿಲ್ಲ, ಯಾಕಂದ್ರೆ ಕೂಲಿ ಕೋಲಿನ ಲೆಕ್ಕದಲ್ಲಿ ಸಿಕ್ಕಿದ್ದು. ಒಂದು ಕೋಲು ಅಂದ್ರೆ ಎರಡೂಕಾಲು ಎರಡೂವರೆ ಅಡಿ ಬರ್ತದೆ.

ಸುರಂಗ ತೋಡಿದವರು ಈಗ ತುಂಬ ಮಂದಿ ಇಲ್ಲ. ಇರುವವರಿಗೂ ವಯಸ್ಸಾಯ್ತು. ನಿನ್ನ ಪ್ರಾಜೆಕ್ಟಲ್ಲಿ ಬೇರೆ ಎಂತ ಆಗದಿದ್ರೂ ಪರವಾಗಿಲ್ಲ, ಅವರ ಹತ್ರ ಕೂತು ಇದೊಂದು ಬರೆದುಕೋ.

ನಕ್ಷೆಯವ (ಈಗ ಮಂಗಳೂರು, ಊರು ಮುಳ್ಳೇರಿಯ)

ಒಸರು ಅಣ್ಣ ಹೇಳಿದ ಆ ಹಸಿರು ಗೆರೆ ಉಪಗ್ರಹದಲ್ಲಿ ಸಹ ಕಾಣ್ತದೆ. ಸೆಂಟಿನೆಲ್-2ರ ಚಿತ್ರ ಫ್ರೀ ಸಿಗ್ತದೆ, ಒಂದು ಚುಕ್ಕಿ ಅಂದ್ರೆ ನೆಲದಲ್ಲಿ 10 ಮೀಟರ್. ಏಪ್ರಿಲಿನ ಮೋಡ ಇಲ್ಲದ ದಿನದ ಚಿತ್ರ ತೆಗೆದು ಹಸಿರಿನ ಸೂಚ್ಯಂಕ ಹಾಕಿದ್ರೆ ಗುಡ್ಡದ ಬದಿಯಲ್ಲಿ ಪಟ್ಟಿ ಕಾಣ್ತದೆ. ಆದ್ರೆ ತೋಟದ ಹಸಿರನ್ನ ಬಿಟ್ಟು ನೋಡಬೇಕು, ಅದು ಪಂಪಿನ ಹಸಿರು.

ಇನ್ನು ಎರಡು ತಪ್ಪು ನಿನ್ನ ಕೆಲಸದಲ್ಲಿ ಇರಬಹುದು ಅಂತ ನನಗೆ ಕಾಣುವುದು, ನಾನೂ ಮೊದಲು ಮಾಡಿದ್ದೇ.

ಒಂದು, ಎತ್ತರದ ಡೇಟಾ. ನೀನು ಎಸ್‌ಆರ್‌ಟಿಎಂ ತಕ್ಕೊಂಡಿರ್ತೀಯಲ್ವಾ, 2000ದ ಫೆಬ್ರವರಿಯಲ್ಲಿ ಶಟಲ್ ನೌಕೆಯಿಂದ ರಡಾರ್ ಬಿಟ್ಟು ಅಳೆದದ್ದು, 30 ಮೀಟರಿಗೆ ಒಂದು ಚುಕ್ಕಿ. ಆ ರಡಾರ್ ಮರದ ಅಡಿಯ ನೆಲವನ್ನ ಸರಿಯಾಗಿ ನೋಡುವುದಿಲ್ಲ, ಮರದ ತಲೆಯ ಹತ್ತಿರ ಎಲ್ಲೋ ನಿಲ್ತದೆ. ನಮ್ಮಲ್ಲಿ ಬೋಳು ಇರುವುದು ಪದವು, ಮರ ಇರುವುದು ತಗ್ಗಿನಲ್ಲಿ, ಕಂಗು ತೆಂಗು ಎಲ್ಲ ಬೈಲಲ್ಲೇ. ಹಾಗಾಗಿ ತಗ್ಗು ಇದ್ದದ್ದಕ್ಕಿಂತ ಕೆಲವು ಮೀಟರ್ ಮೇಲೆ ಎದ್ದ ಹಾಗೆ ಬರ್ತದೆ. ಬೈಲಿನ ಅಗಲವೇ ಕೆಲವು ಕಡೆ 40–50 ಮೀಟರ್, ಅಂದ್ರೆ ಒಂದೆರಡು ಚುಕ್ಕಿ ಮಾತ್ರ. ಅದೂ ಎದ್ದು ನಿಂತ್ರೆ ತೋಡು ಕಂಪ್ಯೂಟರಲ್ಲಿ ಎಲ್ಲೆಲ್ಲಿಗೋ ಹೋಗ್ತದೆ. ನಾನು ನಮ್ಮ ಮನೆ ತೋಡನ್ನ ಹಾಕಿ ನೋಡಿದಾಗ ಅದು ಗುಡ್ಡ ಹತ್ತಿ ಆಚೆ ಬೈಲಿಗೆ ಇಳಿದಿತ್ತು. ಸರ್ವೆ ಆಫ್ ಇಂಡಿಯಾದ ಹಾಳೆಯಿಂದ ತೋಡು ಹೊಳೆಗಳನ್ನ ಕೈಯಲ್ಲಿ ಗೆರೆ ಎಳೆದು ಎತ್ತರದ ಡೇಟಾವನ್ನ ಅದಕ್ಕೆ ಸರಿಯಾಗಿ ಕೊರೆಯಬೇಕು. ಬೇಸರದ ಕೆಲಸ, ಆದ್ರೆ ಮಾಡದೆ ಆಗುವುದಿಲ್ಲ.

ಎರಡನೇದು, ಬಾವಿಯ ನೀರಿನ ಮಟ್ಟ. ಹತ್ತು ಬಾವಿಯ ಆಳ ಹಾಕಿ ನಡುವಿನ ಜಾಗವನ್ನ ಸಾಫ್ಟ್‌ವೇರಿಗೆ ತುಂಬಿಸ್ಲಿಕ್ಕೆ ಹೇಳಿದ್ರೆ ಅದು ಗುಡ್ಡದ ಈಚೆ ಬಾವಿ ಆಚೆ ಬಾವಿ ಎರಡನ್ನೂ ನೇರ ಗೆರೆಯಲ್ಲಿ ಸೇರಿಸ್ತದೆ, ನಡುವೆ ಗುಡ್ಡ ಉಂಟು ಅಂತ ಅದಕ್ಕೆ ಗೊತ್ತಿಲ್ಲ. ಒಂದೊಂದು ಬೈಲನ್ನ ಬೇರೆ ಬೇರೆ ಮಾಡಿ ಒಳಗೊಳಗೇ ತುಂಬಿಸು. ಮತ್ತೆ ನೆಲದಿಂದ ಎಷ್ಟು ಆಳ ಅನ್ನುವುದನ್ನ ತುಂಬಿಸಬಾರದು, ಸಮುದ್ರ ಮಟ್ಟದಿಂದ ನೀರು ಎಷ್ಟು ಎತ್ತರದಲ್ಲಿ ಉಂಟು ಅನ್ನುವುದನ್ನ ತುಂಬಿಸಬೇಕು, ಆಮೇಲೆ ನೆಲದ ಎತ್ತರದಿಂದ ಕಳೆಯುವುದು. ಫೋನಿನ ಜಿಪಿಎಸ್ಸಿನ ಎತ್ತರ ನಂಬಬೇಡ, ಹತ್ತು ಮೀಟರ್ ಆಚೀಚೆ ಆಗ್ತದೆ. ಮೇಸ್ತ್ರಿಗಳ ಹತ್ರ ನೀರಿನ ಪೈಪಿನ ಲೆವೆಲ್ ಉಂಟಲ್ಲ, ಒಂದು ಬೈಲಿನ ಒಳಗೆ ಬಾವಿಕಟ್ಟೆಯಿಂದ ಬಾವಿಕಟ್ಟೆಗೆ ಅದರಲ್ಲೇ ಅಳೆದ್ರೆ ಬೇಕಾದಷ್ಟು ಸರಿ ಬರ್ತದೆ.

ಮತ್ತೆ ಇಲ್ಲಿ ಯಾರಾದ್ರೂ ಗ್ರೇಸ್ ಉಪಗ್ರಹದ ಡೇಟಾ ಹಾಕು ಅಂತ ಹೇಳುವ ಮೊದಲೇ ಹೇಳ್ತೇನೆ, ಮೊದಲಿನ ಜೋಡಿಯನ್ನ 2002ರಲ್ಲಿ ಹಾರಿಸಿದ್ದು, ಭೂಮಿಯ ಗುರುತ್ವದ ವ್ಯತ್ಯಾಸದಿಂದ ನೀರಿನ ಹೆಚ್ಚು ಕಮ್ಮಿ ಹೇಳ್ತದೆ, ಒಳ್ಳೇದೇ, ಆದ್ರೆ ಅದಕ್ಕೆ ಕಾಣುವುದು ನೂರಾರು ಕಿಲೋಮೀಟರ್ ಅಗಲದ ಜಾಗ. ನಮ್ಮ ಇಡೀ ಜಿಲ್ಲೆ ಅದಕ್ಕೆ ಒಂದು ಚುಕ್ಕಿಯೂ ಅಲ್ಲ.

ತೋಟದಕ್ಕ (ಎಣ್ಮಕಜೆ)

ಎಲ್ಲರೂ ನೀರು ಎಲ್ಲುಂಟು ಅಂತ ಹೇಳ್ತಿದ್ದೀರಿ. ನಾವು ಎಷ್ಟು ತೆಗೀತೇವೆ ಅನ್ನುವುದನ್ನ ಸಹ ಮ್ಯಾಪಲ್ಲಿ ಹಾಕಬೇಕಲ್ಲ. ನಾನು ತೋಟ ನೋಡ್ಕೊಳ್ಳುವವಳು, ಒಂದು ಲೆಕ್ಕ ಮಾಡಿದೆ, ತಪ್ಪಿದ್ರೆ ಮುರಕಲ್ಲು ಸರ್ ತಿದ್ದಿ.

ಎರಡೂಮುಕ್ಕಾಲು ಮೀಟರ್ ಅಂತರದಲ್ಲಿ ಅಡಿಕೆ ಹಾಕಿದ್ರೆ ಎಕರೆಗೆ ಸುಮಾರು 550 ಮರ. ಒಂದು ಮರಕ್ಕೆ ಒಂದು ಸಲ ಕೊಡುವ ನೀರು 175 ಲೀಟರ್ ಅಂತ ಶಿಫಾರಸು ಉಂಟು. ಅಂದ್ರೆ ಒಂದು ಸಲ ನೀರು ಬಿಟ್ರೆ 96 ಸಾವಿರ ಲೀಟರ್. ಡಿಸೆಂಬರಿನಿಂದ ಮೇ ತನಕ ಐದು ದಿವಸಕ್ಕೊಮ್ಮೆ ಅಂತ ಹಿಡಿದ್ರೆ 36 ಸಲ, ಹತ್ರ ಹತ್ರ 35 ಲಕ್ಷ ಲೀಟರ್. ಡ್ರಿಪ್ಪಲ್ಲಿ ಆದ್ರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್, ಎಕರೆಗೆ ದಿನಕ್ಕೆ ಹತ್ತು ಸಾವಿರ, ಆರು ತಿಂಗಳಿಗೆ 18 ಲಕ್ಷ.

ಈಗ ಮೇಲಿನಿಂದ ಬರುವುದು. 3500 ಮಿಲಿಮೀಟರಲ್ಲಿ ಶೇಕಡಾ 7 ಅಂದ್ರೆ 245 ಮಿಲಿಮೀಟರ್, ಎಕರೆಗೆ ಹತ್ತು ಲಕ್ಷ ಲೀಟರ್ ಆಯ್ತು. ಅಂದ್ರೆ ಒಂದು ಎಕರೆ ತೋಟಕ್ಕೆ ಡ್ರಿಪ್ ಇದ್ರೆ ಎರಡು ಎಕರೆ ಗುಡ್ಡ ಬೇಕು, ಇಲ್ಲದಿದ್ರೆ ಮೂರೂವರೆ ಎಕರೆ ಗುಡ್ಡ ಬೇಕು. ಇದನ್ನ ಬರೆದು ನೋಡಿದ ಮೇಲೆ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ. ಯಾಕಂದ್ರೆ ನಮ್ಮ ಸುತ್ತ ಈಗ ಗುಡ್ಡವೇ ತೋಟ ಆಗ್ತಾ ಉಂಟು, ಜೆಸಿಬಿ ತಂದು ತಟ್ಟು ಮಾಡಿ ಬೆಟ್ಟುಗದ್ದೆಯಿಂದಲೂ ಮೇಲೆ ಅಡಿಕೆ ಹಾಕಿದ್ದಾರೆ. ನೀರು ಕುಡಿಯುವ ಜಾಗ ಕಮ್ಮಿ ಆಗ್ತಾ ಹೋಗ್ತದೆ, ಕುಡಿಸಬೇಕಾದ ಮರ ಹೆಚ್ಚಾಗ್ತಾ ಹೋಗ್ತದೆ.

ಇನ್ನೊಂದು ಹೇಳಲೇಬೇಕು. ಪದವಿನ ಮೇಲೆ ಹಾಕಿದ್ದು ಎಲ್ಲ ಕೆಳಗೆ ಬರ್ತದೆ ಅಂತ ನಮ್ಮೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಗುಡ್ಡದ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ವರ್ಷ ವರ್ಷ ಎಂಡೋಸಲ್ಫಾನ್ ಹೊಡೆದದ್ದು, ಕೆಳಗೆ ಮನೆ ಮನೆಯಲ್ಲಿ ಮಕ್ಕಳಿಗೆ ಆದದ್ದು ನಾವು ಕಣ್ಣಲ್ಲಿ ನೋಡಿದವರು. ಇಂಗುವ ಜಾಗದ ಮ್ಯಾಪ್ ಅಂದ್ರೆ ನನ್ನ ಲೆಕ್ಕದಲ್ಲಿ ಅದು "ಇಲ್ಲಿ ವಿಷ ಹಾಕಬಾರದು, ಕಸ ರಾಶಿ ಹಾಕಬಾರದು" ಅನ್ನುವ ಮ್ಯಾಪ್ ಸಹ.

ಮುರಕಲ್ಲು

ಅಕ್ಕಾ, ಲೆಕ್ಕ ಸರಿ ಉಂಟು. ಒಂದು ಮಾತು ಸೇರಿಸ್ತೇನೆ, ಹೆಚ್ಚು ಬಿಟ್ಟ ನೀರಲ್ಲಿ ಸ್ವಲ್ಪ ತಿರುಗಿ ನೆಲಕ್ಕೇ ಇಂಗ್ತದೆ, ಹಾಗಾಗಿ 35 ಲಕ್ಷವೂ ಪೂರ್ತಿ ಖರ್ಚು ಅಲ್ಲ. ಆದ್ರೂ ನೀವು ಹೇಳಿದ ದಿಕ್ಕು ಬದಲಾಗುವುದಿಲ್ಲ.

ಇನ್ನೊಂದು ದಾರಿಯಲ್ಲಿ ಸಹ ತಾಳೆ ನೋಡಬಹುದು. ಮುರಕಲ್ಲಿನಲ್ಲಿ ನೀರಿಳಿದಾಗ ಹೊರಗೆ ಕೊಡುವ ನೀರು ಅದರ ಗಾತ್ರದ ಶೇಕಡಾ ಎರಡೂವರೆ ಅಂತ ಹಿಡಿಯುವುದು. ಬೇಸಿಗೆಯಿಂದ ಮಳೆಗಾಲಕ್ಕೆ ಬಾವಿಯಲ್ಲಿ ನೀರು 8 ಮೀಟರ್ ಏರಿದ್ರೆ 200 ಮಿಲಿಮೀಟರ್ ಬಂತು. 245ಕ್ಕೂ 200ಕ್ಕೂ ದೂರ ಇಲ್ಲ ಅಲ್ವಾ. ಹಾಗಾಗಿ ನಿಮ್ಮ ಬಾವಿ ಎಷ್ಟು ಏರ್ತದೆ ಇಳೀತದೆ ಅಂತ ಬರೆದಿಟ್ರೆ ನಿಮ್ಮ ಬೈಲಿನದ್ದೇ ಲೆಕ್ಕ ಸಿಗ್ತದೆ, ಬ್ಲಾಕಿನ ಅಂಕಿಗೆ ಕಾಯಬೇಕಾಗಿಲ್ಲ.

ಕೆಂಪುಮಣ್ಣು (ಬದಿಯಡ್ಕ)

ನನ್ನದು ಬೇರೆ ಅಭಿಪ್ರಾಯ, ಕೋಪ ಮಾಡ್ಬೇಡಿ. ಸುರಂಗ, ಮದಕ (ಗುಡ್ಡದಲ್ಲಿ ಮಳೆನೀರು ನಿಲ್ಲಿಸುವ ಕೆರೆ), ಕಟ್ಟ (ತೋಡಿಗೆ ಅಡ್ಡ ಹಾಕುವ ಒಡ್ಡು) ಎಲ್ಲ ಕೇಳ್ಲಿಕ್ಕೆ ಚಂದ, ಆದ್ರೆ ನನಗೆ ಮೂರು ಎಕರೆ ತೋಟ ಉಂಟು, ಫೆಬ್ರವರಿ ಕೊನೆಗೆ ಕೆರೆ ತಳ ಕಾಣ್ತದೆ, ಬೋರ್ ಇಲ್ಲದಿದ್ರೆ ನಾನು 2016ರಲ್ಲೇ ಮರ ಕಡೀಬೇಕಿತ್ತು. 480 ಅಡಿಗೆ ಎರಡಿಂಚು ನೀರು ಸಿಕ್ಕಿತು, ಮಗಳ ಓದು ಆದದ್ದು ಅದರಿಂದ. ಬೋರ್ ತೆಗೆದವರನ್ನೆಲ್ಲ ತಪ್ಪುಗಾರರ ಹಾಗೆ ನೋಡುವುದು ಸರಿ ಅಲ್ಲ. ಬೋರಿಗೆ ಒಳ್ಳೇ ಜಾಗ ತೋರಿಸುವ ಮ್ಯಾಪ್ ಬೇಕು, ಅದಕ್ಕೇ ಅಲ್ವಾ ಈ ಹುಡುಗ ಕೇಳಿದ್ದು.

ಮುರಕಲ್ಲು

ಯಾರನ್ನೂ ತಪ್ಪುಗಾರ ಅಂತ ಹೇಳ್ಲಿಲ್ಲ, ನಿಮ್ಮ ಕಷ್ಟ ನನಗೆ ಅರ್ಥ ಆಗ್ತದೆ. ಬೋರಿನ ನೀರು ಎಲ್ಲಿಂದ ಬರ್ತದೆ ಅಂತ ಮಾತ್ರ ನೋಡುವ. ಮುರಕಲ್ಲು, ಶೇಡಿ ಎರಡನ್ನೂ ಕೇಸಿಂಗ್ ಪೈಪಲ್ಲಿ ದಾಟಿ ಕೆಳಗಿನ ಗಟ್ಟಿ ಬಂಡೆಗೆ ಹೋಗ್ತದೆ. ಬಂಡೆಯಲ್ಲಿ ತೂತಿಲ್ಲ, ಬಿರುಕಲ್ಲಿ ಮಾತ್ರ ನೀರು. ಬಿರುಕು ಸಿಕ್ಕಿದವರಿಗೆ ಉಂಟು, ಪಕ್ಕದ ಮನೆಯವರಿಗೆ ಇಲ್ಲ, ಅದು ನೀವೂ ನೋಡಿರ್ತೀರಿ. ಆ ಬಿರುಕಿನ ಗೆರೆ ಉಪಗ್ರಹದಲ್ಲಿ ಕಾಣ್ತದೆ, ನೇರ ಹೋಗುವ ತೋಡು, ಒಮ್ಮೆಲೇ ತಿರುಗುವ ಹೊಳೆ, ಅಂಥದ್ದು. ಎರಡು ಗೆರೆ ಸೇರುವಲ್ಲಿ ವಿದ್ಯುತ್ ಹರಿಸಿ ಮಣ್ಣಿನ ರೋಧ ಅಳೆದು ನೋಡಿ ಆಮೇಲೆ ಕೊರೆಯಬೇಕು. ಅಷ್ಟಾದ್ರೂ ಗ್ಯಾರಂಟಿ ಯಾರೂ ಕೊಡ್ಲಿಕ್ಕಿಲ್ಲ.

ಆದ್ರೆ ಆ ಬಿರುಕಿಗೆ ನೀರು ಸೇರುವುದು ಮೇಲಿನ ಮುರಕಲ್ಲಿನಿಂದಲೇ, ಶೇಡಿ ತೆಳ್ಳಗೆ ಇದ್ದಲ್ಲಿ ಅಥವಾ ಹರಿದು ಹೋದಲ್ಲಿ ನಿಧಾನ ಇಳಿದು. ಸುರಂಗದ ಮೇಲಿನ ಗುಡ್ಡದಲ್ಲಿ ಬೋರ್ ಕೊರೆದು, ಕೇಸಿಂಗ್ ಸರಿ ಕೂರಿಸದೆ ಬಿಟ್ಟು, ಶೇಡಿಗೆ ತೂತಾಗಿ ಸುರಂಗದ ನೀರು ಕೆಳಗೆ ಸೋರಿ ಹೋದ ಜಾಗಕ್ಕೆ ನಾನೇ ಹೋಗಿದ್ದೇನೆ. ಎರಡು ಮನೆಗೆ ಪುಕ್ಕಟೆ ಬರ್ತಿದ್ದ ನೀರು ಹೋಯ್ತು, ಬೋರ್ ತೆಗೆದವರಿಗೂ ಎರಡು ವರ್ಷ ಮಾತ್ರ ಸಿಕ್ಕಿದ್ದು. ಹಾಗಾಗಿ ಕೊರೆಯುವುದಾದ್ರೆ ಸುರಂಗ, ಒಸರು ಇರುವ ಗುಡ್ಡದ ಮೇಲೆ ಬೇಡ, ಕೇಸಿಂಗ್ ಬಂಡೆಗೆ ಮುಟ್ಟುವ ತನಕ ಹಾಕಿಸಿ, ಸುತ್ತ ಸಿಮೆಂಟ್ ತುಂಬಿಸಿ. ಕೇರಳದಲ್ಲಿ 2002ರ ಅಂತರ್ಜಲ ಕಾಯ್ದೆ ಉಂಟು, ಅರ್ಜಿ ಹಾಕಿ ಜಾಗ ನೋಡಿಸಿಯೇ ಮುಂದೆ ಹೋಗಿ.

ಕೆಂಪುಮಣ್ಣು (ಬದಿಯಡ್ಕ)

ಕೇಸಿಂಗ್ ವಿಷಯ ನನಗೆ ಯಾರೂ ಹೇಳಿರ್ಲಿಲ್ಲ ಸರ್. ನಮ್ಮದು 40 ಅಡಿಗೆ ನಿಲ್ಲಿಸಿದ್ದಾರೆ ಅಂತ ನೆನಪು. ಮನೆ ಹಿಂದೆ ಇಂಗುಗುಂಡಿ ಮಾಡಿದ್ರೆ ಬೋರಿಗೆ ನೀರು ಸೇರ್ತದಾ?

ಮುರಕಲ್ಲು

ಬೋರಿಗೆ ಸೇರುವುದು ಕಷ್ಟ, ಬಾವಿಗೆ ಖಂಡಿತ ಸೇರ್ತದೆ. ಆದ್ರೆ ಮನೆ ಹಿಂದೆ ಗುಡ್ಡ ಜರಿದ ಬರೆ, ಅಂದ್ರೆ ಕಡಿದಾದ ಮಣ್ಣಿನ ಗೋಡೆ, ಇದ್ರೆ ಅದರ ಮೇಲೆ ಇಂಗುಗುಂಡಿ ಮಾಡ್ಲೇಬೇಡಿ. ನೀರು ಇಳಿದು ಶೇಡಿ ನುಣುಪಾಗ್ತದೆ, ಮೇಲಿನ ಮುರಕಲ್ಲು ಇಡೀ ಜಾರಿ ಮನೆ ಮೇಲೆ ಬರ್ತದೆ. ಗುಂಡಿ ಮಾಡುವ ಜಾಗ ಪದವಿನ ಸಮತಟ್ಟಿನಲ್ಲಿ, ಅಂಚಿನಿಂದ ಹಿಂದೆ. ಕಲ್ಲು ತೆಗೆದು ಬಿಟ್ಟ ಹಳೇ ಕೋರೆ ಇದ್ರೆ ಒಮ್ಮೆ ನೋಡಿ, ಶೇಡಿ ತನಕ ತೆಗೆಯದೆ ಅಡಿಯಲ್ಲಿ ಮುರಕಲ್ಲು ಉಳಿದಿದ್ರೆ ಅದು ಒಳ್ಳೇ ಇಂಗುಗುಂಡಿ. ಮಳೆ ನಿಂತು ಹತ್ತು ದಿನದಲ್ಲಿ ನೀರು ಇಳಿದ್ರೆ ಇಂಗ್ತಾ ಉಂಟು, ಡಿಸೆಂಬರ್ ತನಕ ನಿಂತ್ರೆ ಅಡಿಯಲ್ಲಿ ಶೇಡಿ.

ಮಾಷ್ಟ್ರು (ಕುಂಬ್ಡಾಜೆ)

ಇಷ್ಟೂ ಓದಿದೆ, ಸಂತೋಷ ಆಯ್ತು. ನಾನು ನಿವೃತ್ತ ಶಾಲಾ ಮಾಷ್ಟ್ರು. ಒಂದು ಕೆಲಸ ನಾವೇ ಮಾಡಬಹುದು ಅಂತ ಕಾಣ್ತದೆ.

ಕೇಂದ್ರ ಅಂತರ್ಜಲ ಮಂಡಳಿಯವರು ವರ್ಷಕ್ಕೆ ನಾಲ್ಕು ಸಲ ಬಾವಿ ಅಳೀತಾರೆ, ಜನವರಿ, ಬೇಸಿಗೆ, ಆಗಸ್ಟ್, ನವೆಂಬರ್. ಅವರ ಬಾವಿ ಒಂದು ಬ್ಲಾಕಿನಲ್ಲಿ ಬೆರಳೆಣಿಕೆ. ನಮ್ಮಲ್ಲಿ ಮನೆಗೊಂದು ಬಾವಿ ಉಂಟು. ತಾರೀಕು ಹೇಳಿದ್ರೆ ಜನ ಮರೀತಾರೆ, ಹಬ್ಬ ಹೇಳಿದ್ರೆ ಮರೆಯುವುದಿಲ್ಲ. ಮಕರ ಸಂಕ್ರಾಂತಿ, ವಿಷು, ಆಟಿ ಅಮಾವಾಸ್ಯೆ, ದೀಪಾವಳಿ, ನಾಲ್ಕೂ ಹತ್ರ ಹತ್ರ ಅದೇ ತಿಂಗಳಿಗೆ ಬರ್ತದೆ. ಆ ದಿನ ಬೆಳಿಗ್ಗೆ ಪಂಪ್ ಹಾಕುವ ಮೊದಲು, ರಾತ್ರಿ ಇಡೀ ನೀರು ತೆಗೆಯದೆ ಇರುವಾಗ, ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಕಟ್ಟೆಯ ಒಂದೇ ಜಾಗದಿಂದ ಇಳಿಸಿ ಟೇಪಲ್ಲಿ ಅಳೆಯುವುದು. ಕಟ್ಟೆಯಲ್ಲಿ ಪೈಂಟಿನ ಒಂದು ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ.

ಮತ್ತೆ ಇನ್ನೊಂದು. ಇಲಾಖೆಯ ವರದಿ ಎಲ್ಲ ಮಲಯಾಳದಲ್ಲಿ ಇಲ್ಲವೇ ಇಂಗ್ಲಿಷಲ್ಲಿ ಬರ್ತದೆ. ನಮ್ಮ ಹಿರಿಯರಿಗೆ ಎರಡೂ ಓದ್ಲಿಕ್ಕೆ ಆಗುವುದಿಲ್ಲ, ಅವರ ಬಾವಿಯ ವಿಷಯ ಅವರಿಗೇ ಗೊತ್ತಾಗುವುದಿಲ್ಲ. ಈ ಮ್ಯಾಪ್ ಕನ್ನಡದಲ್ಲಿ ಆಗಲಿ ಮಗಾ, ಬೈಲಿನ ಹೆಸರು, ತೋಡಿನ ಹೆಸರು, ಕಟ್ಟ ಹಾಕುವ ಜಾಗದ ಹೆಸರು ಊರಿನವರು ಹೇಳಿದ ಹಾಗೇ ಬರೀ. ಮಲಯಾಳದ ವರದಿ ಓದಿ ಅರ್ಥ ಹೇಳುವ ಕೆಲಸ ಇದ್ರೆ ನಾನು ಮಾಡ್ತೇನೆ.

ಒಸರು (ಬಾಯಾರು)

ಕಟ್ಟದ ಮಾತು ಬಂದದ್ದು ಒಳ್ಳೇದಾಯ್ತು ಮಾಷ್ಟ್ರೇ. ಡಿಸೆಂಬರಲ್ಲಿ ತೋಡಿಗೆ ಕಟ್ಟ ಹಾಕಿದ ಮೇಲೆ ಎಷ್ಟು ದೂರದ ಬಾವಿಗೆ ನೀರು ಏರ್ತದೆ ಅಂತ ಸಂಕ್ರಾಂತಿ ದಿನ ಅಳೆದ್ರೆ ಗೊತ್ತಾಗ್ತದೆ. ಕಟ್ಟ ಹಾಕಿದ ತೋಡು, ಹಾಕದ ತೋಡು ಎರಡನ್ನೂ ಮ್ಯಾಪಲ್ಲಿ ಬೇರೆ ಬಣ್ಣ ಮಾಡಿ. ನಮ್ಮಲ್ಲಿ ಮೂರು ವರ್ಷದಿಂದ ಕಟ್ಟ ಹಾಕಿಲ್ಲ, ಜನ ಸೇರುವುದಿಲ್ಲ. ತೋರಿಸ್ಲಿಕ್ಕೆ ಒಂದು ಕಾಗದ ಇದ್ರೆ ನಾನು ಮನೆ ಮನೆಗೆ ಹೋಗಿ ಕರೀತೇನೆ.

ಪದವಿನಂಚು (ನೀರ್ಚಾಲು)

ಎರಡು ವಾರ ಆಯ್ತು, ಬರೀಲಿಕ್ಕೆ ತಡ ಆಯ್ತು, ಕ್ಷಮಿಸಿ. ನಮ್ಮ ಒಂದು ಪದವು, ಅದರ ಸುತ್ತ ನಾಲ್ಕು ಬೈಲು, ಅಷ್ಟನ್ನೇ ತಕ್ಕೊಂಡು ಮೊದಲಿನಿಂದ ಮಾಡಿದೆ. ತೋಡುಗಳನ್ನ ಕೈಯಲ್ಲಿ ಎಳೆದೆ. ಅಪ್ಪನನ್ನ ಕೂರಿಸಿ ಬೈಲು, ಮಜಲು, ಬೆಟ್ಟು ಗುರುತು ಹಾಕಿಸಿದೆ. ಎತ್ತರದ ಡೇಟಾದಿಂದ ಕಂಪ್ಯೂಟರ್ ಲೆಕ್ಕ ಹಾಕಿದ ತೇವ ನಿಲ್ಲುವ ಜಾಗಗಳೂ ಅಪ್ಪನ ಬೈಲುಗಳೂ ಮೊದಲು ಸೇರ್ಲಿಲ್ಲ, ತೋಡು ಸರಿ ಮಾಡಿದ ಮೇಲೆ ಹೆಚ್ಚಿನದ್ದು ಒಂದರ ಮೇಲೆ ಒಂದು ಕೂತಿತು. ಸೇರದ್ದು ಒಂದೇ ಕಡೆ. ಅಪ್ಪ ಬೈಲು ಅಂದ ಜಾಗ, ಕಂಪ್ಯೂಟರ್ ಒಣ ಅಂದದ್ದು. ಹೋಗಿ ನೋಡಿದ್ರೆ ಅಲ್ಲಿ ಗಿಡ ಬಳ್ಳಿ ಮುಚ್ಚಿದ ಒಂದು ಸುರಂಗದ ಬಾಯಿ ಇತ್ತು, ಅಪ್ಪನಿಗೂ ಮರೆತು ಹೋಗಿತ್ತು. ಒಳಗಿನಿಂದ ಸಪೂರ ನೀರು ಈಗಲೂ ಬರ್ತಾ ಉಂಟು.

ಆರು ಸುರಂಗದ ಚುಕ್ಕಿ ಹಾಕಿದ್ದೇನೆ. ಚಿಕ್ಕಪ್ಪ ಬೋರಿಗೆ ಅಂತ ನೋಡಿಟ್ಟ ಜಾಗ ಅವುಗಳಲ್ಲಿ ಎರಡರ ಸರಿಯಾಗಿ ಮೇಲೆ ಬರ್ತದೆ. ಅವರಿಗೆ ಮ್ಯಾಪ್ ತೋರಿಸಿದೆ, ಸದ್ಯ ಬೇಡ, ಮೊದಲು ಡ್ರಿಪ್ ಮಾಡಿಸ್ತೇನೆ, ಕೆರೆಯ ಹೂಳು ತೆಗೆಸ್ತೇನೆ ಅಂತ ಹೇಳಿದ್ದಾರೆ. ಆ ಮೇಲೂ ಸಾಲದಿದ್ರೆ ಕೆಳಗಿನ ಬಿರುಕಿನ ಗೆರೆಯ ಹತ್ರ ಪರೀಕ್ಷೆ ಮಾಡಿಸುವ ಅಂತ.

ವಿಷುವಿಗೆ ಅಳೀಲಿಕ್ಕೆ ಈ ಪದವಿನ ಸುತ್ತ 14 ಬಾವಿಯವರು ಒಪ್ಪಿದ್ದಾರೆ. ಇಲ್ಲಿಯವರು ಸಹ ಬರೀತೀರಾ? ಬಾವಿ ಇರುವ ಜಾಗ, ಕಟ್ಟೆಯಿಂದ ನೀರಿನ ತನಕ ಎಷ್ಟು, ಬಾವಿಯ ಒಟ್ಟು ಆಳ, ಅಷ್ಟು ಸಾಕು.

ತೋಟದಕ್ಕ (ಎಣ್ಮಕಜೆ)

ನಮ್ಮ ಬೈಲಿಂದ ಐದು ಬಾವಿ ಬರೆದುಕೋ ತಮ್ಮಾ. ಗುಡ್ಡದ ಬದಿಯ ಮನೆಯವರ ಹತ್ರ ನಾಳೆ ಕೇಳ್ತೇನೆ.

ಕೆಂಪುಮಣ್ಣು (ಬದಿಯಡ್ಕ)

ನಂದೂ ಒಂದು. ಕಟ್ಟೆಗೆ ಇವತ್ತೇ ಗುರುತು ಹಾಕಿದೆ. ಬೋರಿದ್ದು ಅಳೆಯುವುದು ಹೇಗೆ ಅಂತ ಯಾರಾದ್ರೂ ಹೇಳಿ, ಒಳಗೆ ಪೈಪ್ ಉಂಟು.

ನಕ್ಷೆಯವ (ಈಗ ಮಂಗಳೂರು, ಊರು ಮುಳ್ಳೇರಿಯ)

ಸಪೂರ ವಯರಿನ ತುದಿಯಲ್ಲಿ ಎರಡು ತಂತಿ ಬಿಡಿಸಿ ಇಳಿಸುವುದು ಅಣ್ಣ, ನೀರು ಮುಟ್ಟಿದ ಕೂಡ್ಲೇ ಮೇಲೆ ಬಜರ್ ಕೂಗ್ತದೆ, ಟಾರ್ಚಿನ ಬ್ಯಾಟರಿ ಸಾಕು. ವಿಷುವಿಗೆ ನಾನು ಊರಿಗೆ ಬರ್ತೇನೆ, ಒಂದು ಮಾಡಿ ತರ್ತೇನೆ. ಪೈಪಿನ ಬದಿಯಲ್ಲಿ ವಯರ್ ಇಳಿಯುವಷ್ಟು ಸಂದು ಉಂಟಾ ಅಂತ ಮೊದಲೇ ನೋಡಿಡಿ.